ವಲಸೆ ಹಕ್ಕಿಗಳ ಸಂರಕ್ಷಣೆಗೆ ಬೆಂಬಲ ಮತ್ತು ಹಣ: ಪದೇ ಪದೇ ಕೇಳುವ ಪ್ರಶ್ನೆಗಳು

ಕೆರೆ ಸಂಘದ ಸಭೆ, ಪಂಚಾಯಿತಿ ಕಟ್ಟೆ, ಶಾಲೆಯ ಕಾರ್ಯಕ್ರಮ, ಕಂಪನಿಯ ಕಚೇರಿ ಹೀಗೆ ಎಲ್ಲಿ ಹೋದರೂ ವಲಸೆ ಹಕ್ಕಿಗಳ ವಿಷಯ ಎತ್ತಿದೊಡನೆ ಹೆಚ್ಚುಕಡಿಮೆ ಇವೇ ಪ್ರಶ್ನೆಗಳು ಬರುತ್ತವೆ. ತಮ್ಮೂರಿನ ಕೆರೆಗೆ ಬರುವ ಹಕ್ಕಿಗಳಿಗಾಗಿ ಏನಾದರೂ ಮಾಡಬೇಕೆಂದಿರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಉತ್ತರಗಳನ್ನು ಬರೆಯಲಾಗಿದೆ. ಉದಾಹರಣೆಗಳು ಬಹುಪಾಲು ಕರ್ನಾಟಕದವು. ಹೊರಗಿನ ಅನುಭವದಿಂದ ಕಲಿಯುವುದು ನಿಜವಾಗಿಯೂ ಇದೆ ಎನಿಸಿದ ಕಡೆ ಮಾತ್ರ ಹೊರಗೆ ಹೋಗಲಾಗಿದೆ.

ವಲಸೆ ಹಕ್ಕಿ ಎಂದರೆ ಸೈಬೀರಿಯಾದಿಂದ ಬರುವುದು ಮಾತ್ರವೇ?

ಅಲ್ಲ. ನಮ್ಮ ಪತ್ರಿಕೆಗಳಲ್ಲಿ ಪ್ರತಿ ಚಳಿಗಾಲವೂ ಎಲ್ಲ ಹಕ್ಕಿಗಳೂ ಸೈಬೀರಿಯಾದಿಂದಲೇ ಬರುತ್ತವೆ, ಒಮ್ಮೊಮ್ಮೆ ಆಸ್ಟ್ರೇಲಿಯಾದಿಂದಲೂ ಬಂದುಬಿಡುತ್ತವೆ. ವಾಸ್ತವದಲ್ಲಿ ಎರಡು ಬಗೆಯ ವಲಸೆಯನ್ನು ಬೇರೆಬೇರೆಯಾಗಿ ನೋಡಬೇಕು. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತು ಮಂಗೋಲಿಯಾ, ಟಿಬೆಟ್ ಮತ್ತು ಮಧ್ಯ ಏಷ್ಯಾದ ಎತ್ತರದ ಸರೋವರಗಳಲ್ಲಿ ಮರಿ ಮಾಡಿ, ಹಿಮಾಲಯವನ್ನು ದಾಟಿ ಇಲ್ಲಿಗೆ ಇಳಿಯುತ್ತದೆ. ಈ ಹಕ್ಕಿ 7000 ಮೀಟರಿಗೂ ಹೆಚ್ಚು ಎತ್ತರದಲ್ಲಿ ಹಾರಿದ ದಾಖಲೆ ಇದೆ, ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿದ ಹೆಬ್ಬಾತುಗಳು ನಮ್ಮ ಕೆರೆಗಳಲ್ಲಿ ಕಾಣಿಸಿಕೊಂಡಿವೆ. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿಗೆ ಬರುವ ಹೆಜ್ಜಾರ್ಲೆ (ಪೆಲಿಕನ್) ಮತ್ತು ಬಣ್ಣದ ಕೊಕ್ಕರೆಗಳ ಸಂಗತಿ ಬೇರೆ. ಅವು ನಮ್ಮ ನಾಡಿನವೇ, ನೀರು ಮತ್ತು ಮೀನು ಇರುವ ಕಡೆಗೆ ಅಲೆಯುತ್ತಾ ಗೂಡು ಕಟ್ಟುವ ಕಾಲಕ್ಕೆ ಊರಿಗೆ ಮರಳುವ ಒಳನಾಡಿನ ವಲಸಿಗರು.

ಹಣ ಕೇಳುವವರಿಗೆ ಈ ವ್ಯತ್ಯಾಸ ತೀರ ಮುಖ್ಯ. ಮೊದಲನೆಯ ಬಗೆಯ ಹಕ್ಕಿಗೆ ಇಲ್ಲಿ ಬೇಕಾದದ್ದು ವಿಶ್ರಾಂತಿ ಮತ್ತು ಮೇವು. ಎರಡನೆಯ ಬಗೆಗೆ ಅವುಗಳ ಜೊತೆಗೆ ಗೂಡಿನ ಮರ ಮತ್ತು ಮರಿಗಳ ಕಾವಲು ಬೇಕು. ಖರ್ಚಿನ ಪಟ್ಟಿಯೇ ಬದಲಾಗುತ್ತದೆ.

ನಾಲ್ಕು ತಿಂಗಳು ಇದ್ದು ಹೋಗುವ ಹಕ್ಕಿಗೆ ವರ್ಷವಿಡೀ ಹಣವೇಕೆ?

ಈ ಬರಹದಲ್ಲಿ ಒಂದೇ ಒಂದು ಉತ್ತರವನ್ನು ಓದುವ ವ್ಯವಧಾನ ಇರುವವರು ಇದನ್ನು ಓದಲಿ. ಹೆಬ್ಬಾತು ನವೆಂಬರ್ ಹೊತ್ತಿಗೆ ಬಂದು ಫೆಬ್ರವರಿ ಕಳೆಯುತ್ತಲೇ ಹೊರಡುತ್ತದೆ. ಆ ದಿನಗಳಲ್ಲಿ ಕ್ಯಾಮೆರಾಗಳು ಬರುತ್ತವೆ, ಅಧಿಕಾರಿಗಳು ಬರುತ್ತಾರೆ, ಭರವಸೆಗಳೂ ಬರುತ್ತವೆ. ಹಕ್ಕಿ ಹೋದ ಮೇಲೆ ಕೆರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ಕೆರೆಗೆ ನೀರು ತರುವ ಕಾಲುವೆಯನ್ನು ಸ್ವಚ್ಛಗೊಳಿಸಬೇಕಾದದ್ದು ಮುಂಗಾರಿಗೆ ಮುನ್ನ, ಅಂದರೆ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ. ಒತ್ತುವರಿ ನಡೆಯುವುದು ಕೆರೆ ಒಣಗಿದಾಗ. ಅಂತರಗಂಗೆ ಮತ್ತು ಜೊಂಡು ಹಬ್ಬುವುದು ಮಳೆಗಾಲದ ನಂತರ, ಮಣ್ಣು ಸಾಗಿಸುವ ಟ್ರ್ಯಾಕ್ಟರುಗಳು ಬರುವುದು ಬೇಸಿಗೆಯಲ್ಲಿ. ಒಟ್ಟಿನಲ್ಲಿ ಹಕ್ಕಿಯ ಕ್ಷೇಮ ತೀರ್ಮಾನವಾಗುವುದು ಹಕ್ಕಿ ಇಲ್ಲದ ಎಂಟು ತಿಂಗಳಲ್ಲಿ, ಹಣ ದೊರೆಯುವುದು ಮಾತ್ರ ಹಕ್ಕಿ ಇರುವ ನಾಲ್ಕು ತಿಂಗಳಲ್ಲಿ. ಚಳಿಗಾಲದಲ್ಲಿ ಕೂಡಿಸಿದ್ದನ್ನು ಬೇಸಿಗೆಗೆ ಎತ್ತಿಡುವ ಶಿಸ್ತು ಯಾವ ಸಂಘಕ್ಕೆ ಇದೆಯೋ ಆ ಸಂಘದ ಕೆರೆ ಉಳಿಯುತ್ತದೆ.

ಮೊದಲು ಹಣವೋ, ಊರಿನವರ ಬೆಂಬಲವೋ?

ಬೆಂಬಲ. ಇದಕ್ಕೆ ಕೊಕ್ಕರೆ ಬೆಳ್ಳೂರಿಗಿಂತ ಒಳ್ಳೆಯ ಸಾಕ್ಷಿ ನಮ್ಮಲ್ಲಿಲ್ಲ.

ಮದ್ದೂರು ತಾಲ್ಲೂಕಿನ ಈ ಊರಿನಲ್ಲಿ ಹಕ್ಕಿಗಳು ಗೂಡು ಕಟ್ಟುವುದು ಕಾಡಿನಲ್ಲಲ್ಲ, ಜನರ ಹಿತ್ತಿಲಿನ ಹುಣಸೆ, ಅತ್ತಿ, ಆಲದ ಮರಗಳಲ್ಲಿ. ಹತ್ತೊಂಬತ್ತನೆಯ ಶತಮಾನದಲ್ಲೇ ಜರ್ಡನ್ ಎಂಬ ಪಕ್ಷಿತಜ್ಞ ಇಲ್ಲಿನ ಹಕ್ಕಿಗಳ ಬಗ್ಗೆ ಬರೆದಿದ್ದರೂ ಹೊರಜಗತ್ತು ಈ ಊರನ್ನು ಮರೆತಿತ್ತು. 1976ರಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ ಅವರು ಮತ್ತೆ ಬೆಳಕಿಗೆ ತಂದರು. ಹೊರಗಿನವರು ಮರೆತಿದ್ದ ಆ ಕಾಲದುದ್ದಕ್ಕೂ ಹಕ್ಕಿಗಳನ್ನು ಉಳಿಸಿಕೊಂಡು ಬಂದವರು ಊರಿನವರೇ, ಅದೂ ಯಾವ ಯೋಜನೆಯ ಹಣವೂ ಇಲ್ಲದೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಎಂದು ಆ ಹಕ್ಕಿಗಳನ್ನು ಅಲ್ಲಿನವರು ಕರೆಯುತ್ತಾರೆ. ಮಾತು ಚೆಂದವಾಗಿದೆ ಎಂದು ನಾವು ನಗರದವರು ಅದನ್ನು ಭಾಷಣಗಳಲ್ಲಿ ಬಳಸಿಕೊಂಡಿದ್ದೇವೆ, ಆದರೆ ಆ ಬಾಣಂತನದ ಖರ್ಚನ್ನು ಯಾರು ಹೊತ್ತರು ಎಂದು ಕೇಳುವುದಿಲ್ಲ.

ಗೂಡಿರುವ ಹುಣಸೆ ಮರದ ಕೆಳಗೆ ಫೆಬ್ರವರಿಯಲ್ಲಿ ಒಂದು ಗಂಟೆ ನಿಂತು ನೋಡಬೇಕು. ಎಲೆಗಳೆಲ್ಲ ಸುಣ್ಣ ಬಳಿದಂತೆ ಹಿಕ್ಕೆಯಿಂದ ಬೆಳ್ಳಗಾಗಿರುತ್ತವೆ, ಮರಿಗಳ ಬಾಯಿಂದ ಜಾರಿದ ಮೀನು ನೆಲದಲ್ಲಿ ಕೊಳೆಯುತ್ತಿರುತ್ತದೆ, ಕಾಯಿ ಬಡಿಯುವ ಕಾಲ ಬಂದಿದ್ದರೂ ಗೂಡು ಇರುವವರೆಗೆ ಆ ಕೊಂಬೆಗೆ ಗಳ ತಾಗಿಸುವಂತಿಲ್ಲ. ಆ ಮರದ ಹುಣಸೆಹಣ್ಣು ಒಂದು ಮನೆಯ ವರ್ಷದ ಆದಾಯದ ಪಾಲು. ಹಿಕ್ಕೆಯನ್ನು ಮಣ್ಣಿನೊಡನೆ ಕೂಡಿಸಿ ಹೊಲಕ್ಕೆ ಗೊಬ್ಬರವಾಗಿ ಒಯ್ಯುವ ಪದ್ಧತಿ ಊರಿನಲ್ಲಿದ್ದು ನಷ್ಟದ ಒಂದು ಭಾಗ ಹಾಗೆ ತುಂಬಿಬರುತ್ತಿತ್ತು. ರಾಸಾಯನಿಕ ಗೊಬ್ಬರ ಸುಲಭವಾದ ಮೇಲೆ, ಮರಕ್ಕೆ ಸೌದೆಯ ಬೆಲೆ ಬಂದ ಮೇಲೆ ಈ ಲೆಕ್ಕ ತಪ್ಪತೊಡಗಿತು. ಅರಣ್ಯ ಇಲಾಖೆ ಗೂಡಿರುವ ಮರಗಳ ಮಾಲೀಕರಿಗೆ ಪರಿಹಾರ ಕೊಡುವ ಕ್ರಮ ಆರಂಭಿಸಿದ್ದು ಈ ಹಿನ್ನೆಲೆಯಲ್ಲಿ. ಅದು ಹಣ್ಣಿನ ಬೆಲೆಗೆ ಸಮವಲ್ಲ, ಸಕಾಲಕ್ಕೆ ಕೈಸೇರುವುದಿಲ್ಲ ಎಂಬ ಅಸಮಾಧಾನ ಹಳೆಯದು.

1990ರ ದಶಕದಲ್ಲಿ ಮೈಸೂರಿನ ಹವ್ಯಾಸಿ ನಿಸರ್ಗಪ್ರಿಯರ ತಂಡವೊಂದು ಊರಿನಲ್ಲೇ ಉಳಿದು ಕೆಲಸ ಮಾಡಿತು. ಊರಿನ ಯುವಕರು ಸೇರಿ ಹೆಜ್ಜಾರ್ಲೆ ಬಳಗ ಕಟ್ಟಿದರು. ಗೂಡಿನಿಂದ ಬಿದ್ದ ಮರಿಗಳನ್ನು ಆವರಣವೊಂದರಲ್ಲಿ ಮೀನು ಹಾಕಿ ಸಾಕಿ, ರೆಕ್ಕೆ ಬಲಿತ ಮೇಲೆ ಬಿಟ್ಟರು. 2007ರಲ್ಲಿ ಊರು ಸಮುದಾಯ ಮೀಸಲು ಎಂದು ಘೋಷಿತವಾಯಿತು. ಕ್ರಮವನ್ನು ಗಮನಿಸಿ: ಮೊದಲು ಊರು, ಆಮೇಲೆ ಬಳಗ, ಆಮೇಲೆ ಘೋಷಣೆ. ಈ ಕ್ರಮವನ್ನು ತಿರುಗುಮುರುಗು ಮಾಡಿ ಫಲಕದಿಂದ ಶುರುಮಾಡಿದ ಕಡೆಗಳಲ್ಲಿ ಫಲಕ ಮಾತ್ರ ಉಳಿದಿದೆ.

ಹೆಬ್ಬಾತು ಬೆಳೆ ತಿನ್ನುತ್ತದೆ ಎನ್ನುವ ರೈತರಿಗೆ ಏನು ಹೇಳಬೇಕು?

ಮೊದಲು ಏನೂ ಹೇಳದೆ ಅವರ ಜೊತೆ ಹೊಲಕ್ಕೆ ಹೋಗಬೇಕು. ಹಗಲೆಲ್ಲ ಕೆರೆಯ ನಡುವೆ ತಲೆ ಹುದುಗಿಸಿ ಮಲಗಿರುವ ಹೆಬ್ಬಾತುಗಳು ಸಂಜೆಗತ್ತಲಲ್ಲಿ ಮತ್ತು ಬೆಳಗಿನ ಜಾವ ಸುತ್ತಲಿನ ಹೊಲಗಳಿಗೆ ಇಳಿಯುತ್ತವೆ. ಬೆಳಕು ಹರಿದಾಗ ಎರೆಮಣ್ಣಿನಲ್ಲಿ ಜಾಲಪಾದದ ಗುರುತು, ಬೆರಳುದ್ದದ ಹಸಿರು ಹಿಕ್ಕೆ, ಕುಡಿ ಕತ್ತರಿಸಿದ ಕಡಲೆ ಗಿಡಗಳು ಕಾಣುತ್ತವೆ. ಕಡಲೆಯ ಕುಡಿ ಚಿವುಟುವುದು ಉತ್ತರ ಕರ್ನಾಟಕದ ರೈತರಿಗೆ ಹೊಸದೇನಲ್ಲ. ಎಳೆಯ ಗಿಡದಲ್ಲಿ ಚಿವುಟಿದರೆ ಅದು ಕವಲೊಡೆಯುತ್ತದೆ, ಸೊಪ್ಪು ಪಲ್ಯಕ್ಕೆ ಆಗುತ್ತದೆ. ಆದ್ದರಿಂದ ಹಕ್ಕಿ ಮೇಯ್ದರೆ ಒಳ್ಳೆಯದೇ ಎನ್ನುವವರೂ ಸಿಗುತ್ತಾರೆ. ಆದರೆ ಹೂವಾಡುವ ಹೊತ್ತಿನಲ್ಲಿ ನೂರಾರು ಹಕ್ಕಿ ಒಂದೇ ಹೊಲಕ್ಕೆ ಇಳಿದರೆ ಅದು ನಷ್ಟವೇ, ಅದನ್ನು ಅಲ್ಲಗಳೆಯುವ ಸಂರಕ್ಷಕನ ಮಾತನ್ನು ರೈತ ಮತ್ತೆ ನಂಬುವುದಿಲ್ಲ.

ಆನೆ ಮತ್ತು ಕಾಡುಹಂದಿಯ ಬೆಳೆಹಾನಿಗೆ ಸರ್ಕಾರದಲ್ಲಿ ಅಳತೆಗೋಲು ಇದೆ. ಹೆಬ್ಬಾತು ಕತ್ತರಿಸಿದ ಕುಡಿಗೆ ಆ ಅಳತೆ ಸಲೀಸಾಗಿ ಹೊಂದುವುದಿಲ್ಲ. ಇಂಥ ಕಡೆ ಊರಿನ ಸಂಘವೇ ಒಂದು ಸಣ್ಣ ನಿಧಿಯನ್ನು ಇಟ್ಟುಕೊಂಡು, ಅಕ್ಕಪಕ್ಕದ ಹೊಲದ ಇಬ್ಬರು ರೈತರು ಮತ್ತು ಸಂಘದ ಒಬ್ಬರು ಸೇರಿ ನೋಡಿ, ಅದೇ ವಾರ ಹಣ ಕೊಡುವುದು ಒಳ್ಳೆಯದು. ಮೊತ್ತ ಚಿಕ್ಕದಿದ್ದರೂ ಬೇಗ ಬಂದದ್ದು ದೊಡ್ಡ ಮೊತ್ತದ ಅರ್ಜಿಗಿಂತ ಹೆಚ್ಚಿನ ಗೌರವ ತರುತ್ತದೆ.

ಕೆರೆಯಲ್ಲಿ ಮೀನು ಹಿಡಿಯುವ ಗುತ್ತಿಗೆ ಇದ್ದರೆ?

ಅದು ಹೆಚ್ಚಿನ ಕೆರೆಗಳಲ್ಲಿ ಇದ್ದೇ ಇದೆ. ಬಿತ್ತಿದ ಮರಿಗೆ ಹಣ ಸುರಿದವರು ಹೆಜ್ಜಾರ್ಲೆ ಮತ್ತು ನೀರುಕಾಗೆಗಳನ್ನು ಓಡಿಸಲು ಪಟಾಕಿ ಹಚ್ಚಿದರೆ ಅದನ್ನು ಕೇವಲ ಕ್ರೌರ್ಯವೆಂದು ನೋಡಿ ಪ್ರಯೋಜನವಿಲ್ಲ. ಗುತ್ತಿಗೆ ಮುಗಿಯುವ ವರ್ಷ ಯಾವುದೆಂದು ಮೊದಲೇ ತಿಳಿದುಕೊಂಡು, ಮುಂದಿನ ಅವಧಿಗೆ ಚಳಿಗಾಲದಲ್ಲಿ ಬಲೆ ಇಳಿಸದಿರುವ, ಸಿಡಿಮದ್ದು ಬಳಸದಿರುವ ಷರತ್ತನ್ನು ಸೇರಿಸುವಂತೆ ಇಲಾಖೆಯನ್ನು ಕೇಳಬೇಕು. ಇನ್ನೊಂದು ದಾರಿ, ಸ್ಥಳೀಯ ಮೀನುಗಾರರ ಸಹಕಾರ ಸಂಘದೊಂದಿಗೆ ಮಾತಾಡಿ ಆ ತಿಂಗಳುಗಳ ಆದಾಯನಷ್ಟವನ್ನು ತುಂಬಿಕೊಡುವುದು. ಅದನ್ನು ಯೋಜನೆಯ ಬಜೆಟ್ಟಿನಲ್ಲಿ ಮೊದಲ ಸಾಲಿನಲ್ಲೇ ಬರೆಯಬೇಕು, ಕೊನೆಗೆ ಉಳಿದರೆ ಕೊಡೋಣ ಎಂದಲ್ಲ.

ಅನುಮತಿ ಯಾರನ್ನು ಕೇಳಬೇಕು? ಕೆರೆ ಯಾರದು?

ಈ ಪ್ರಶ್ನೆಗೆ ಉತ್ತರ ಹುಡುಕುವುದರಲ್ಲೇ ಕೆಲವು ಸಂಘಗಳ ಮೊದಲ ವರ್ಷ ಕಳೆದುಹೋಗಿದೆ. ಸ್ಥೂಲವಾಗಿ ಹೇಳುವುದಾದರೆ 40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿನ ಕೆರೆಗಳು ಪಂಚಾಯತ್ ರಾಜ್ ವ್ಯವಸ್ಥೆಯ ಅಡಿಯಲ್ಲಿವೆ, 40ರಿಂದ 2000 ಹೆಕ್ಟೇರಿನವರೆಗಿನವು ಸಣ್ಣ ನೀರಾವರಿ ಇಲಾಖೆಯ ಅಡಿಯಲ್ಲಿವೆ. ಭೂಮಿಯ ದಾಖಲೆ ಕಂದಾಯ ಇಲಾಖೆಯಲ್ಲಿ, ಮೀನಿನ ಹಕ್ಕು ಬೇರೆ ಇಲಾಖೆಯಲ್ಲಿ, ಹಕ್ಕಿಯ ಮೇಲಿನ ಅಧಿಕಾರ ಅರಣ್ಯ ಇಲಾಖೆಯಲ್ಲಿ. ಹಕ್ಕಿಗೆ ಇದಾವುದೂ ತಿಳಿಯದು. ಪಹಣಿ, ಸರ್ವೆ ನಕ್ಷೆ ಮತ್ತು ಅಚ್ಚುಕಟ್ಟಿನ ವಿಸ್ತೀರ್ಣ ಈ ಮೂರನ್ನು ಕೈಯಲ್ಲಿ ಹಿಡಿದ ಮೇಲೆಯೇ ಯಾರ ಬಾಗಿಲಿಗಾದರೂ ಹೋಗಿ. ದಾನಿಗಳೂ ಇವನ್ನೇ ಮೊದಲು ಕೇಳುತ್ತಾರೆ.

ಕೆರೆಯನ್ನು ಮೀಸಲು ಎಂದು ಘೋಷಿಸಿದರೆ, ರಾಮ್ಸಾರ್ ಪಟ್ಟಿಗೆ ಸೇರಿಸಿದರೆ ಹಣ ತಾನಾಗಿ ಬರುತ್ತದೆಯೇ?

ತಾನಾಗಿ ಬರುವುದಿಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ಆದ ತಿದ್ದುಪಡಿಯಿಂದ ಎರಡು ಹೊಸ ಬಗೆಯ ರಕ್ಷಣೆ ಸಾಧ್ಯವಾಯಿತು: ಸರ್ಕಾರಿ ಜಾಗದಲ್ಲಿ ಸಂರಕ್ಷಣಾ ಮೀಸಲು, ಖಾಸಗಿ ಅಥವಾ ಸಮುದಾಯದ ಜಾಗದಲ್ಲಿ ಸಮುದಾಯ ಮೀಸಲು. ಕೊಕ್ಕರೆ ಬೆಳ್ಳೂರು ಎರಡನೆಯದಕ್ಕೆ ಉದಾಹರಣೆಯಾದರೆ, ಮಾಗಡಿ ಕೆರೆ ಮತ್ತು ವಿಜಯನಗರ ಜಿಲ್ಲೆಯ ಅಂಕಸಮುದ್ರ ಮೊದಲನೆಯದಕ್ಕೆ. ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳನ್ನು ಗುರುತಿಸುವ ರಾಮ್ಸಾರ್ ಒಪ್ಪಂದ 1971ರದು. ಅದರ ಪಟ್ಟಿಗೆ ಕರ್ನಾಟಕದಿಂದ ಮೊದಲು ಸೇರಿದ್ದು ರಂಗನತಿಟ್ಟು, 2022ರಲ್ಲಿ. 2024ರ ಜನವರಿಯಲ್ಲಿ ಮಾಗಡಿ ಕೆರೆ, ಅಂಕಸಮುದ್ರ ಮತ್ತು ಅಘನಾಶಿನಿ ಅಳಿವೆ ಸೇರಿದವು.

ಈ ಹೆಸರುಗಳಿಂದ ದೊರೆಯುವುದು ಹಣವಲ್ಲ, ಹಣ ಕೇಳುವ ಅರ್ಹತೆ. ಜಲಪರಿಸರ ವ್ಯವಸ್ಥೆಗಳ ಸಂರಕ್ಷಣೆಯ ರಾಷ್ಟ್ರೀಯ ಯೋಜನೆಯಲ್ಲಿ ನಮ್ಮಂಥ ರಾಜ್ಯಗಳಿಗೆ ಕೇಂದ್ರ ಶೇ. 60, ರಾಜ್ಯ ಶೇ. 40ರಂತೆ ವೆಚ್ಚ ಹಂಚಿಕೊಳ್ಳುತ್ತವೆ, ಅದಕ್ಕೆ ಸಮಗ್ರ ನಿರ್ವಹಣಾ ಯೋಜನೆಯೊಂದು ಸಿದ್ಧವಿರಬೇಕು. ಊರಿನವರು ಮಾಡಬಹುದಾದ ಅತಿ ಉಪಯುಕ್ತ ಕೆಲಸವೆಂದರೆ ಆ ಯೋಜನೆ ಬರೆಯುವ ಹಂತದಲ್ಲೇ ಕುಳಿತು, ಕಾವಲುಗಾರರ ಸಂಬಳ ಮತ್ತು ರೈತರ ನಷ್ಟದ ಬಾಬ್ತು ಅದರಲ್ಲಿ ಸೇರುವಂತೆ ನೋಡಿಕೊಳ್ಳುವುದು. ಅಂತಿಮ ಕಡತ ಸಹಿಯಾದ ಮೇಲೆ ಆಕ್ಷೇಪಿಸಿದರೆ ಅದು ಪತ್ರಿಕೆಯ ಓದುಗರ ಅಂಕಣಕ್ಕೆ ಮಾತ್ರ ಯೋಗ್ಯ.

ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಹಣ ಪಡೆಯುವುದು ಹೇಗೆ?

2013ರ ಕಂಪನಿ ಕಾಯ್ದೆಯ 135ನೆಯ ಕಲಮಿನ ಪ್ರಕಾರ ಹಿಂದಿನ ವರ್ಷ 500 ಕೋಟಿ ರೂಪಾಯಿ ನಿವ್ವಳ ಮೌಲ್ಯ, ಅಥವಾ 1000 ಕೋಟಿ ವಹಿವಾಟು, ಅಥವಾ 5 ಕೋಟಿ ನಿವ್ವಳ ಲಾಭ ಇದ್ದ ಕಂಪನಿಗಳು ತಮ್ಮ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ನ್ನು ಸಾಮಾಜಿಕ ಕೆಲಸಕ್ಕೆ ವಿನಿಯೋಗಿಸಬೇಕು. ಅದರ ಏಳನೆಯ ಅನುಸೂಚಿಯಲ್ಲಿ ಪರಿಸರ ಸಮತೋಲನ ಮತ್ತು ಸಸ್ಯ ಹಾಗೂ ಪ್ರಾಣಿಗಳ ರಕ್ಷಣೆ ಸ್ಪಷ್ಟವಾಗಿಯೇ ಇದೆ. ಹಣ ಪಡೆಯುವ ಸಂಸ್ಥೆ ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ನೋಂದಾಯಿಸಿಕೊಂಡಿರಬೇಕು. ಹೊಸದಾಗಿ ಹುಟ್ಟಿದ ಊರ ಸಂಘಕ್ಕೆ ಇದು ಸುಲಭವಲ್ಲವಾದ್ದರಿಂದ ನೋಂದಣಿ ಇರುವ ಹಿರಿಯ ಸಂಸ್ಥೆಯೊಂದರ ಜೊತೆ ಲಿಖಿತ ಒಪ್ಪಂದ ಮಾಡಿಕೊಳ್ಳುವುದು ರೂಢಿ.

ಎರಡು ಎಚ್ಚರಿಕೆಗಳು. ಕಂಪನಿಗಳು ಮಾರ್ಚ್ ಕೊನೆಗೆ ಲೆಕ್ಕ ಮುಗಿಸಬೇಕಾದ್ದರಿಂದ ಫೆಬ್ರವರಿಯಲ್ಲಿ ಏಕಾಏಕಿ ಉತ್ಸಾಹ ತೋರಿಸುತ್ತಾರೆ. ಆ ಅವಸರದಲ್ಲಿ ಬೇಗ ಮುಗಿಯುವ ಕೆಲಸಗಳೆಂದರೆ ಕಟ್ಟಡದ ಕೆಲಸಗಳೇ. ನನಗೇ ಆದ ಅನುಭವವಿದು: ಇಬ್ಬರು ಕಾವಲುಗಾರರಿಗೆ ಎರಡು ವರ್ಷದ ಗೌರವಧನ ಕೇಳಿ ಹೋದ ನಮಗೆ ಕೆರೆಯ ಏರಿಯ ಮೇಲೆ ಸ್ವಾಗತ ಕಮಾನು ಮತ್ತು ಹೆಬ್ಬಾತಿನ ಸಿಮೆಂಟ್ ಪ್ರತಿಮೆ ಕೊಡಲು ಒಪ್ಪಿದರು. ಪ್ರತಿಮೆಯ ತಲೆಯ ಮೇಲಿನ ಪಟ್ಟೆ ಎರಡರ ಬದಲು ಮೂರಾಗಿತ್ತು. ಆದ್ದರಿಂದ ಅರ್ಜಿಯನ್ನು ಜುಲೈ ಮತ್ತು ಆಗಸ್ಟಿನಲ್ಲೇ ಕೊಡಿ. ಎರಡನೆಯದಾಗಿ, ಆರಂಭದ ವರ್ಷವನ್ನು ಬಿಟ್ಟು ಮೂರು ವರ್ಷದವರೆಗೆ ಮುಂದುವರಿಯುವ ಯೋಜನೆಗಳಿಗೆ ನಿಯಮದಲ್ಲಿ ಅವಕಾಶವಿದೆ. ಅದನ್ನೇ ಕೇಳಿ, ಒಂದು ವರ್ಷದ ಹಣ ಹಕ್ಕಿಗೆ ಸಾಲದು.

ಜನರಿಂದ ದೇಣಿಗೆ ಎತ್ತಬಹುದೇ? ಹೊರದೇಶದಲ್ಲಿರುವ ನಮ್ಮೂರಿನವರು ಕಳಿಸಿದರೆ?

ಎತ್ತಬಹುದು, ಎತ್ತಲೂಬೇಕು. ಊರಿನ ಪ್ರತಿ ಮನೆಯಿಂದ ಬಂದ ಇಪ್ಪತ್ತು ರೂಪಾಯಿಯ ಪಟ್ಟಿ ದೊಡ್ಡ ದಾನಿಯ ಮುಂದೆ ಇಡಬಹುದಾದ ಅತ್ಯುತ್ತಮ ದಾಖಲೆ. ಜನ 80ಜಿ ಎಂದೇ ಕರೆಯುವ ತೆರಿಗೆ ವಿನಾಯಿತಿಯ ಮಾನ್ಯತೆ ನಿಮ್ಮ ಸಂಸ್ಥೆಗೆ ಇದ್ದರೆ ಸಂಬಳದಾರರು ಮುಂದೆ ಬರುತ್ತಾರೆ. ಆದರೆ 2000 ರೂಪಾಯಿಗಿಂತ ಹೆಚ್ಚಿನ ನಗದು ದೇಣಿಗೆಗೆ ಆ ವಿನಾಯಿತಿ ಇಲ್ಲ, ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೂ ಇಲ್ಲ ಎಂಬುದನ್ನು ಮೊದಲೇ ಹೇಳಿಬಿಡುವುದು ಪ್ರಾಮಾಣಿಕತೆ.

ಹೊರದೇಶದ ಹಣದಲ್ಲಿ ತಪ್ಪು ಮಾಡಿಕೊಳ್ಳುವವರು ಹೆಚ್ಚು. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ದುಬೈಯಲ್ಲೋ ಅಮೆರಿಕದಲ್ಲೋ ದುಡಿಯುತ್ತಿರುವ ಕನ್ನಡಿಗರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಟ್ಟದ್ದು ವಿದೇಶಿ ವಂತಿಗೆಯಲ್ಲ. ಅದೇ ವ್ಯಕ್ತಿ ಅಲ್ಲಿನ ಪೌರತ್ವ ಪಡೆದಿದ್ದರೆ, ಸಾಗರೋತ್ತರ ಭಾರತೀಯರ ಕಾರ್ಡು ಇದ್ದರೂ, ಅದು ವಿದೇಶಿ ವಂತಿಗೆಯೇ. ಅದನ್ನು ಪಡೆಯಲು ಕೇಂದ್ರ ಗೃಹ ಸಚಿವಾಲಯದ ನೋಂದಣಿ ಬೇಕು. ಸಂಸ್ಥೆ ಮೂರು ವರ್ಷ ಹಳೆಯದಾಗಿರಬೇಕು ಮತ್ತು ಆ ಮೂರು ವರ್ಷಗಳಲ್ಲಿ ಮುಖ್ಯ ಚಟುವಟಿಕೆಗಳಿಗೆ 15 ಲಕ್ಷ ರೂಪಾಯಿ ವೆಚ್ಚ ಮಾಡಿರಬೇಕು ಎಂಬ ನಿಯಮ ಹೆಚ್ಚಿನ ಊರ ಸಂಘಗಳ ಕೈಗೆ ಎಟುಕುವುದಿಲ್ಲ. ನೋಂದಣಿ ಇರುವ ಬೇರೆ ಸಂಸ್ಥೆಯ ಮೂಲಕ ಆ ಹಣವನ್ನು ನಿಮ್ಮ ಖಾತೆಗೆ ವರ್ಗಾಯಿಸಿಕೊಳ್ಳುವುದಕ್ಕೂ 2020ರ ತಿದ್ದುಪಡಿಯ ನಂತರ ಅವಕಾಶವಿಲ್ಲ. ಅಂಥ ಹಿತೈಷಿಗಳಿಂದ ಹಣಕ್ಕಿಂತ ಅವರ ಸಮಯ ಮತ್ತು ತಿಳಿವಳಿಕೆಯನ್ನು ಕೇಳುವುದು ಕ್ಷೇಮ.

ಪ್ರವಾಸೋದ್ಯಮದಿಂದಲೇ ವೆಚ್ಚ ತೂಗಿಸಬಾರದೇ?

ಕೆಲವು ಕಡೆ ಸ್ವಲ್ಪಮಟ್ಟಿಗೆ. ಕಾವೇರಿಯ ನಡುಗಡ್ಡೆಗಳಲ್ಲಿರುವ ರಂಗನತಿಟ್ಟನ್ನು ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯ ಮೇರೆಗೆ ಮೈಸೂರು ಸಂಸ್ಥಾನ 1940ರಲ್ಲೇ ಪಕ್ಷಿಧಾಮ ಮಾಡಿತು. ಮೈಸೂರಿನ ಪ್ರವಾಸಿಗರು ಪಕ್ಕದಲ್ಲೇ ಇರುವುದರಿಂದ ಅಲ್ಲಿ ದೋಣಿ ತುಂಬುತ್ತದೆ. ಆದರೂ ಕೃಷ್ಣರಾಜಸಾಗರದಿಂದ ಹೆಚ್ಚು ನೀರು ಬಿಟ್ಟ ವರ್ಷ ದೋಣಿ ನಿಲ್ಲುತ್ತದೆ, ಆದಾಯವೂ ನಿಲ್ಲುತ್ತದೆ. ಗದಗದ ಬಯಲಿನ ಕೆರೆಗೆ ಆ ಅನುಕೂಲವೂ ಇಲ್ಲ. ಒಡಿಶಾದ ಚಿಲಿಕಾ ಸರೋವರದ ದಂಡೆಯ ಮಂಗಳಜೋಡಿಯಲ್ಲಿ ಹಿಂದೆ ಬೇಟೆಯಾಡುತ್ತಿದ್ದವರೇ ಈಗ ಗಳದಿಂದ ನೂಕುವ ದೋಣಿಗಳಲ್ಲಿ ಜನರನ್ನು ಕರೆದೊಯ್ದು ಹಕ್ಕಿ ತೋರಿಸುತ್ತಾರೆ. ಅಲ್ಲಿನ ಪಾಠ ಪ್ರವಾಸಿಗರ ಸಂಖ್ಯೆಯದ್ದಲ್ಲ, ದುಡ್ಡು ಯಾರ ಕೈಗೆ ಹೋಗುತ್ತದೆ ಎಂಬುದರದ್ದು.

ಹಣದಿಂದಲೇ ಹಾನಿಯಾಗಬಹುದೇ?

ಆಗಬಹುದು, ಆಗುತ್ತಿದೆ. ಕೆರೆ ಅಭಿವೃದ್ಧಿ ಎಂದರೆ ನಮ್ಮಲ್ಲಿ ಆಳವಾಗಿ ಹೂಳೆತ್ತುವುದು, ಅಂಚನ್ನು ಕಡಿದಾಗಿ ಕತ್ತರಿಸುವುದು, ಸುತ್ತ ಕಲ್ಲು ಕಟ್ಟಿ ನಡಿಗೆ ಪಥ ಮಾಡುವುದು, ದೀಪ ಹಾಕುವುದು. ಆದರೆ ಉಲ್ಲಂಕಿಯಂಥ ಕೆಸರುಹಕ್ಕಿಗೆ ಬೇಕಾದದ್ದು ಕಣಕಾಲು ಮುಳುಗದಷ್ಟು ನೀರು ಮತ್ತು ಅದರಾಚೆ ಹಸಿ ಕೆಸರು. ತಲೆ ಮುಳುಗಿಸಿ ಬಾಲ ಮೇಲೆತ್ತಿ ಮೇಯುವ ಸೂಜಿಬಾಲದ ಬಾತಿನ ಕೊಕ್ಕು ತಲುಪುವುದು ಅದರ ಕತ್ತಿನ ಅಳತೆಯಷ್ಟು ಆಳಕ್ಕೆ ಮಾತ್ರ. ಕೆರೆಯನ್ನು ಬಟ್ಟಲಿನಂತೆ ಮಾಡಿ, ನದಿಯಿಂದ ಪಂಪು ಮಾಡಿದ ನೀರಿನಿಂದ ವರ್ಷವಿಡೀ ಕೋಡಿಯವರೆಗೆ ತುಂಬಿಸಿಟ್ಟರೆ ಮೀನು ತಿನ್ನುವ ಕೆಲವು ಹಕ್ಕಿಗಳಿಗೆ ಅನುಕೂಲವಾದೀತು, ಉಳಿದವು ಒಂದು ಸುತ್ತು ಹಾಕಿ ಹೊರಟುಹೋಗುತ್ತವೆ. ಹಾಗೆಂದು ರೈತರ ಬೋರ್‌ವೆಲ್ಲಿಗೆ ಜೀವ ಕೊಡುವ ಕೆರೆ ತುಂಬಿಸುವ ಯೋಜನೆಯನ್ನು ಬೇಡ ಎನ್ನಲಾಗದು, ಎನ್ನಬಾರದು. ಏರಿಯ ಬಳಿ ಆಳ ಮಾಡಿ ಕೆರೆಯ ಹಿನ್ನೀರಿನ ಅಂಚನ್ನು ಇಳಿಜಾರಾಗಿಯೇ ಬಿಡಿ, ಆ ಭಾಗದಲ್ಲಿ ಪಥವನ್ನೂ ದೀಪವನ್ನೂ ಹಾಕಬೇಡಿ ಎಂಬ ಎರಡು ಮಾತನ್ನು ಅಂದಾಜುಪಟ್ಟಿ ತಯಾರಾಗುವ ಮುನ್ನ ಎಂಜಿನಿಯರಿಗೆ ಹೇಳಿದರೆ ಒಂದು ರೂಪಾಯಿಯೂ ಹೆಚ್ಚು ಖರ್ಚಾಗುವುದಿಲ್ಲ.

ಬೇಟೆ ಇರುವ ಊರಿನಲ್ಲಿ ಬೆಂಬಲ ಕಟ್ಟಲು ಸಾಧ್ಯವೇ?

ನಾಗಾಲ್ಯಾಂಡಿನ ವೋಖಾ ಜಿಲ್ಲೆಯ ಪಂಗ್ತಿ ಇದಕ್ಕೆ ಉತ್ತರ. ಸೈಬೀರಿಯಾ ಮತ್ತು ಉತ್ತರ ಚೀನಾದಿಂದ ಆಫ್ರಿಕಾದ ದಕ್ಷಿಣಕ್ಕೆ ಹಾರುವ ಅಮುರ್ ಚಾಣಗಳೆಂಬ ಪುಟ್ಟ ಬೇಟೆಹಕ್ಕಿಗಳು ಅಕ್ಟೋಬರಿನಲ್ಲಿ ಅಲ್ಲಿನ ದೋಯಾಂಗ್ ಜಲಾಶಯದ ಬಳಿ ಲಕ್ಷಗಟ್ಟಲೆ ತಂಗುತ್ತವೆ. 2012ರಲ್ಲಿ ಮೀನಿನ ಬಲೆ ಹರಡಿ ದಿನಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಹಕ್ಕಿಗಳನ್ನು ಹಿಡಿಯುತ್ತಿದ್ದಾರೆಂಬ ಅಂದಾಜು ಚಿತ್ರಸಹಿತ ಹೊರಬಿತ್ತು. ಮರುವರ್ಷ ಅಲ್ಲಿ ಬಲೆ ಏಳಲಿಲ್ಲ. ಕಾಯ್ದೆ ಹಿಂದೆಯೂ ಇತ್ತು, ಬದಲಾದದ್ದು ಗ್ರಾಮಸಭೆಗಳ ತೀರ್ಮಾನ, ಚರ್ಚುಗಳ ಮಾತು, ಮನೆಮನೆಯ ಚರ್ಚೆ. 2013ರ ನವೆಂಬರಿನಲ್ಲಿ ಉಪಗ್ರಹ ಸಾಧನ ಕಟ್ಟಿ ಬಿಟ್ಟ ಮೂರು ಹಕ್ಕಿಗಳಿಗೆ ನಾಗಾ, ವೋಖಾ, ಪಂಗ್ತಿ ಎಂದೇ ಹೆಸರಿಟ್ಟರು. ಊರಿನ ಹೆಸರು ಹೊತ್ತ ಹಕ್ಕಿ ಅರಬ್ಬೀ ಸಮುದ್ರ ದಾಟಿತೇ ಎಂದು ಊರೇ ಕೇಳತೊಡಗಿತು. ಆದರೆ ಅಣೆಕಟ್ಟಿನಲ್ಲಿ ಹೊಲ ಮುಳುಗಿ ಮೀನುಗಾರಿಕೆಗೆ ಇಳಿದಿದ್ದ ಕುಟುಂಬಗಳಿಗೆ ಆ ಬೇಟೆಯ ಹಣ ನಿಜವಾದ ಆದಾಯವಾಗಿತ್ತು ಎಂಬುದನ್ನೂ ಈ ಕಥೆ ಹೇಳುವವರು ಬಿಡಬಾರದು.

ಬೇರೆ ದೇಶಗಳಲ್ಲಿ ಇದಕ್ಕೆಂದೇ ಖಾಯಂ ನಿಧಿ ಇದೆಯೇ?

ಅಮೆರಿಕದಲ್ಲಿ 1934ರಿಂದ ಡಕ್ ಸ್ಟ್ಯಾಂಪ್ ಎಂಬ, ಅಂಚೆಚೀಟಿಯಂಥ ಒಂದು ಚೀಟಿ ಇದೆ. ಜಲಪಕ್ಷಿ ಬೇಟೆಯಾಡುವ ಹದಿನಾರು ತುಂಬಿದ ಪ್ರತಿಯೊಬ್ಬರೂ ಅದನ್ನು ಕೊಳ್ಳಲೇಬೇಕು. ಆಗ ಒಂದು ಡಾಲರ್ ಇದ್ದ ಬೆಲೆ ಈಗ 25 ಡಾಲರ್, ಪ್ರತಿ ಡಾಲರಿನ 98 ಸೆಂಟು ಜೌಗು ನೆಲ ಕೊಳ್ಳಲು ಮತ್ತು ಉಳಿಸಲು ಹೋಗುತ್ತದೆ. ಬೇಟೆಯೇ ನಿಷಿದ್ಧವಾದ ನಮ್ಮಲ್ಲಿ ಅದರ ನಕಲು ಸಾಧ್ಯವಿಲ್ಲ. ಆ ಹಣ ಬೇರೆ ಬಾಬ್ತಿಗೆ ಹರಿಯದಂತೆ ಕಾನೂನೇ ಕಟ್ಟೆ ಕಟ್ಟಿದೆಯಲ್ಲ, ಅದು ಮಾತ್ರ ಅಸೂಯೆಪಡುವಂಥದ್ದು.

ಹಕ್ಕಿ ಎಣಿಕೆಗೂ ಹಣಕ್ಕೂ ಏನು ಸಂಬಂಧ?

ನೇರ ಸಂಬಂಧ. ಒಂದು ಜಾತಿಯ ಜಲಪಕ್ಷಿಯ ಒಟ್ಟು ಸಂಖ್ಯೆಯ ಶೇ. 1ರಷ್ಟು ಹಕ್ಕಿಗಳು ನಿಯಮಿತವಾಗಿ ಒಂದು ಕೆರೆಯಲ್ಲಿ ಇದ್ದರೆ ಅದು ರಾಮ್ಸಾರ್ ಮಾನದಂಡಗಳಲ್ಲಿ ಒಂದನ್ನು ಪೂರೈಸುತ್ತದೆ. ಅದನ್ನು ತೋರಿಸಲು ಹಲವು ವರ್ಷಗಳ ಲೆಕ್ಕ ಬೇಕು. ಏಷ್ಯಾದ ಜಲಪಕ್ಷಿ ಗಣತಿ 1987ರಿಂದ ಪ್ರತಿ ಜನವರಿಯಲ್ಲಿ ಸ್ವಯಂಸೇವಕರಿಂದಲೇ ನಡೆಯುತ್ತಿದೆ, ನಿಮ್ಮ ಕೆರೆಯನ್ನೂ ಅದಕ್ಕೆ ಸೇರಿಸಿ. ಮಧ್ಯ ಏಷ್ಯಾದ ವಲಸೆ ಹಾದಿ 30 ದೇಶಗಳ ಮೇಲೆ ಹಾದುಹೋಗುತ್ತದೆ, ಆ ಹಾದಿಯ ಹಕ್ಕಿಗಳಿಗಾಗಿ ಭಾರತ 2018ರಲ್ಲಿ ರಾಷ್ಟ್ರೀಯ ಕ್ರಿಯಾಯೋಜನೆ ರೂಪಿಸಿತು, 2020ರಲ್ಲಿ ಗಾಂಧಿನಗರದಲ್ಲಿ ವಲಸೆ ಪ್ರಾಣಿಗಳ ಅಂತರರಾಷ್ಟ್ರೀಯ ಸಮಾವೇಶವನ್ನೂ ನಡೆಸಿತು. ಅಷ್ಟು ದೊಡ್ಡ ಮೇಜಿನ ಮೇಲೆ ನಿಮ್ಮೂರಿನ ಕೆರೆಯ ಹೆಸರು ಬರುವುದು ಅಂಕಿಯ ರೂಪದಲ್ಲಿ ಮಾತ್ರ. ಸಾವಿರಾರು ಹಕ್ಕಿ ಎಂದು ಬರೆಯಬೇಡಿ. ಎಣಿಸಿದಷ್ಟನ್ನು, ಎಣಿಸಿದ ಗಂಟೆಯನ್ನು, ಎಣಿಸಿದವರ ಸಂಖ್ಯೆಯನ್ನು ಬರೆಯಿರಿ.

ಕೆರೆ ಇಲ್ಲದ ಕಡೆ ವಲಸೆ ಹಕ್ಕಿಗಳಿಲ್ಲವೇ?

ಇವೆ, ಅವಕ್ಕೆ ಹಣ ಸಿಗುವುದು ಇನ್ನೂ ಕಷ್ಟ. ಹೆಸರಘಟ್ಟದ ಹುಲ್ಲುಗಾವಲಿಗೆ ಚಳಿಗಾಲದಲ್ಲಿ ಬಂದು ನೆಲದ ಮೇಲೆ ಹುಲ್ಲಿನ ನಡುವೆ ರಾತ್ರಿ ಕಳೆಯುವ ಸೆಳೆವಗಳೆಂಬ ಬೇಟೆಹಕ್ಕಿಗಳು, ಜೋಳದ ಹೊಲಗಳ ಮೇಲೆ ಮೋಡದಂತೆ ಹಾರುವ ಗುಲಾಬಿ ಕಬ್ಬಕ್ಕಿಗಳು, ಚಳಿಗಾಲದಲ್ಲಿ ಮನೆಯಂಗಳಕ್ಕೆ ಬರುವ, ಬಾಲ ಕುಣಿಸುವ ಕುಂಡೆಕುಸ್ಕ ಎಲ್ಲವೂ ವಲಸೆಯವೇ. ಹುಲ್ಲುಗಾವಲನ್ನು ದಾಖಲೆಗಳು ಪಾಳುಭೂಮಿ ಎನ್ನುತ್ತವೆ, ಒಳ್ಳೆಯ ಮನಸ್ಸಿನ ಕಂಪನಿಗಳು ಅಲ್ಲಿ ಸಸಿ ನೆಡಲು ಬರುತ್ತವೆ. ಅಲ್ಲಿ ಸಂರಕ್ಷಕರ ಮೊದಲ ಕೆಲಸ ಹಣ ತರುವುದಲ್ಲ, ಬರುವ ಹಣವನ್ನು ವಿನಯದಿಂದ ತಡೆಯುವುದು.

ಈ ವರ್ಷ ಹಕ್ಕಿಗಳೇ ಬರದಿದ್ದರೆ ದಾನಿಗಳಿಗೆ ಏನು ಹೇಳುವುದು?

ಬರಲಿಲ್ಲ ಎಂದೇ ಹೇಳಬೇಕು. ಮಳೆ ತಪ್ಪಿ ಕೆರೆ ಒಣಗಿದಾಗಲೂ, ಅತಿಯಾಗಿ ತುಂಬಿ ಅಂಚು ಮುಳುಗಿದಾಗಲೂ ಹೆಬ್ಬಾತು ಬೇರೆ ಕೆರೆಗೆ ಹೋಗುತ್ತದೆ. ಸುತ್ತಲಿನ ಹತ್ತು ಕೆರೆಗಳಲ್ಲಿ ಒಂದಲ್ಲ ಒಂದು ಯೋಗ್ಯವಾಗಿರಲಿ ಎಂಬುದೇ ಅದರ ಬದುಕಿನ ಲೆಕ್ಕಾಚಾರ. ಆದ್ದರಿಂದ ಒಪ್ಪಂದ ಬರೆಯುವಾಗಲೇ ಫಲಿತಾಂಶವೆಂದು ಹಕ್ಕಿಗಳ ಸಂಖ್ಯೆಯನ್ನು ನಮೂದಿಸಬೇಡಿ. ಕಾಲುವೆಯ ಎಷ್ಟು ಉದ್ದ ಸ್ವಚ್ಛವಾಯಿತು, ಕಾವಲುಗಾರರಿಗೆ ಎಷ್ಟು ತಿಂಗಳ ಹಣ ತಪ್ಪದೆ ಸಂದಿತು, ಎಷ್ಟು ರೈತರ ನಷ್ಟ ಅದೇ ವಾರ ತುಂಬಿತು, ಕೆರೆಯ ಗಡಿಕಲ್ಲುಗಳು ಇದ್ದಲ್ಲೇ ಇವೆಯೇ ಎಂಬುದನ್ನು ಬರೆಯಿರಿ. ವರ್ಷದ ಜಮಾಖರ್ಚನ್ನು ಪಂಚಾಯಿತಿಯ ಗೋಡೆಗೆ ಅಂಟಿಸಿ, ಅದರ ಫೋಟೋವನ್ನೇ ದಾನಿಗಳಿಗೆ ಕಳಿಸಿ. ಹಕ್ಕಿ ಬಾರದ ಚಳಿಗಾಲದಲ್ಲಿ ಖಾಲಿ ಕೆರೆಯ ಚಿತ್ರದ ಜೊತೆ ಆ ಗೋಡೆಯ ಚಿತ್ರವನ್ನೂ ನೋಡಿದ ಹಳೆಯ ದಾನಿಯೊಬ್ಬರು ನಮಗೆ ಕೇಳಿದ್ದು ಒಂದೇ ಪ್ರಶ್ನೆ: ಮೇ ತಿಂಗಳಲ್ಲಿ ಕಾಲುವೆ ಕೆಲಸಕ್ಕೆ ಎಷ್ಟು ಬೇಕು?